ಬೆರಳು ಪಳಗಿದ ಕಥೆ

ನಮ್ಮ ಹೆಜಮಾಡಿ ಕಡೆ ಮದುವೆ, ಜಾತ್ರೆಗಳಲ್ಲಿ ಸ್ಯಾಕ್ಸೊಫೋನ್ ಕೇಳಿದ್ದೇವೆ ಅಲ್ವಾ? ಹಳದಿ ಬಣ್ಣದ, ಬಾಗಿದ ವಾದ್ಯ. ಅದು ಹುಟ್ಟಿದ್ದು ದೂರದ ಯುರೋಪಿನಲ್ಲಿ. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದವರು ಕದ್ರಿ ಗೋಪಾಲನಾಥರು. ಹೆಸರು ಬರುವ ಮೊದಲು ಅವರು ಹೇಗೆ ಕಲಿತರು? ನೋಡೋಣ.

ಅವರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ನುಡಿಸುತ್ತಿದ್ದರು. ಮಗನೂ ಅದನ್ನೇ ಕಲಿತ. ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡ. ಅದರ ಮೇಲೆ ಮನಸ್ಸಾಯಿತು.

ಆದರೆ ಒಂದು ತೊಡಕು ಇತ್ತು. ನಾಗಸ್ವರದ ತೂತುಗಳನ್ನು ಬೆರಳಿನಿಂದಲೇ ಮುಚ್ಚುತ್ತಾರೆ. ಬೆರಳು ಸ್ವಲ್ಪ ಸರಿಸಿದರೆ ಸ್ವರ ಬಳುಕುತ್ತದೆ. ಇದಕ್ಕೆ ಗಮಕ ಅಂತಾರೆ. ಸ್ಯಾಕ್ಸೊಫೋನಿನ ತೂತುಗಳಿಗೆ ಮುಚ್ಚಳ ಉಂಟು. ಕೀಲಿ ಒತ್ತಿ ಆ ಮುಚ್ಚಳ ಆಡಿಸಬೇಕು. ಬೆರಳು ತೂತಿಗೆ ತಾಗುವುದೇ ಇಲ್ಲ. ಹಾಗಾಗಿ ಗಮಕ ಸುಲಭಕ್ಕೆ ಬರುವುದಿಲ್ಲ. ಗಮಕ ಇಲ್ಲದಿದ್ದರೆ ಕರ್ನಾಟಕ ಸಂಗೀತಕ್ಕೆ ಜೀವವೇ ಇಲ್ಲ.

ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಿಗೆ ಪಾಠ ಹೇಳಿದರು. ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುವಾದರು. ಗೋಪಾಲನಾಥರು ವಾದ್ಯದಲ್ಲೂ ಸ್ವಲ್ಪ ಮಾರ್ಪಾಡು ಮಾಡಿದರು. ವಾದ್ಯ ಪೂರ್ತಿ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತು.

1994ರಲ್ಲಿ ಲಂಡನ್ನಿನ ದೊಡ್ಡ ಸಂಗೀತ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು.

ಒತ್ತಕ್ಷರ ಬರೆಯಲು ನಮಗೆ ಕೆಲವು ತಿಂಗಳು ಹಿಡಿದರೆ ಬೇಸರ ಯಾಕೆ? ಬೆರಳು ಪಳಗಲು ದಿನ ಬೇಕು. ದಿನಾ ಸ್ವಲ್ಪ ಬರೆಯೋಣ.