ಲೋಡ್ ಬ್ಯಾಲೆನ್ಸರ್: ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆಗಳು

2000ದ ಜುಲೈನಲ್ಲಿ ಕೆನಡಾದ ನಾರ್ಟೆಲ್ ಕಂಪನಿ ಕ್ಯಾಲಿಫೋರ್ನಿಯಾದ ಆಲ್ಟಿಯಾನ್ ವೆಬ್‌ಸಿಸ್ಟಮ್ಸನ್ನು ಸುಮಾರು 780 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಳ್ಳುವುದಾಗಿ ಘೋಷಿಸಿತು. ಎರಡು ತಿಂಗಳ ಹಿಂದಷ್ಟೇ ಸಿಸ್ಕೊ ಆರೋಪಾಯಿಂಟ್ ಎಂಬ ಕಂಪನಿಗೆ 570 ಕೋಟಿ ಡಾಲರ್ ಬೆಲೆ ಕಟ್ಟಿತ್ತು. ಇಬ್ಬರೂ ಮಾಡುತ್ತಿದ್ದದ್ದು ಒಂದೇ ಬಗೆಯ ಸಾಮಾನು: ವೆಬ್‌ಸೈಟಿಗೆ ಬಂದ ಜನರನ್ನು ಹಲವು ಸರ್ವರ್‌ಗಳಿಗೆ ಹಂಚುವ ಪೆಟ್ಟಿಗೆ. 2009ರಲ್ಲಿ ನಾರ್ಟೆಲ್ ದಿವಾಳಿಯೆದ್ದು ಆಸ್ತಿಯನ್ನು ತುಂಡು ತುಂಡಾಗಿ ಮಾರತೊಡಗಿದಾಗ ಇಸ್ರೇಲಿನ ರಾಡ್‌ವೇರ್ ಅದೇ ಆಲ್ಟಿಯಾನ್ ವ್ಯವಹಾರವನ್ನು ಸುಮಾರು 1.8 ಕೋಟಿ ಡಾಲರಿಗೆ ಎತ್ತಿಕೊಂಡಿತು. ಸಿಸ್ಕೊ ಕೂಡ 2012ರಲ್ಲಿ ಈ ಅಂಗಡಿಯ ಬಾಗಿಲು ಎಳೆಯಿತು. ಎಸಿಇ ಹೆಸರಿನ ತನ್ನ ಪೆಟ್ಟಿಗೆಯನ್ನು ಇನ್ನು ಬೆಳೆಸುವುದಿಲ್ಲ ಎಂದು ಗ್ರಾಹಕರಿಗೆ ತಿಳಿಸಿತು.

ಪೆಟ್ಟಿಗೆಯ ಕೆಲಸ ಬೇಡವಾಗಿ ಬೆಲೆ ಬಿದ್ದದ್ದಲ್ಲ. ಇವತ್ತು ಫೋನಿನಲ್ಲಿ ಖಾತೆಯ ಬಾಕಿ ನೋಡಿದರೂ ಬೆಳಿಗ್ಗೆ ಹತ್ತಕ್ಕೆ ತತ್ಕಾಲ್ ಟಿಕೆಟ್‌ಗೆ ಬೆರಳು ಹಿಡಿದು ಕೂತರೂ ನಡುವೆ ಒಂದಲ್ಲ, ನಾಲ್ಕಾರು ಕಡೆ ಆ ಹಂಚಿಕೆ ನಡೆದಿರುತ್ತದೆ. ಕೆಲಸ ಹತ್ತು ಪಟ್ಟು ಬೆಳೆಯಿತು, ಅದನ್ನು ಮಾಡುವವರು ಮಾತ್ರ ಕೈ ಬದಲಾಗುತ್ತಲೇ ಹೋದರು. ಕಂಪನಿಗಳ ಖರೀದಿ ಸಮಿತಿಗಳು ಈ ಮಾಲನ್ನು ಹೋಲಿಸುವ ರೀತಿ ಹೆಚ್ಚು ಬದಲಾಗಿಲ್ಲ. ಒಂದು ದೊಡ್ಡ ಎಕ್ಸೆಲ್ ಹಾಳೆ. ಅಡ್ಡಸಾಲಿನಲ್ಲಿ ಕಂಪನಿಗಳ ಹೆಸರು, ಉದ್ದಸಾಲಿನಲ್ಲಿ ಸೆಕೆಂಡಿಗೆ ಎಷ್ಟು ಗಿಗಾಬಿಟ್, ಎಷ್ಟು ಕನೆಕ್ಷನ್, ಎಷ್ಟು ಎಸ್‌ಎಸ್‌ಎಲ್ ವಹಿವಾಟು. ಆ ಹಾಳೆಯಲ್ಲಿ ಎಲ್ಲರೂ ಪಾಸಾಗುತ್ತಾರೆ, ಎಲ್1 ಆದವರಿಗೆ, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವರಿಗೆ, ಆರ್ಡರ್ ಹೋಗುತ್ತದೆ. ಇವು ನಿಜಕ್ಕೂ ಒಂದಕ್ಕೊಂದು ಬೇರೆಯಾಗುವುದು ಆ ಅಂಕಿಗಳಲ್ಲಲ್ಲ; ಕೆಟ್ಟಾಗ ಹೇಗೆ ಕೆಡುತ್ತವೆ, ಆಗ ಚುಕ್ಕಾಣಿ ಯಾರ ಕೈಯಲ್ಲಿರುತ್ತದೆ ಎಂಬುದರಲ್ಲಿ.

ಹಂಚುವುದು ಅಷ್ಟು ಸುಲಭವೇ?

ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದೇ ವಿಳಾಸ. ಎಂಜಿನಿಯರುಗಳು ಅದನ್ನು ವಿಐಪಿ ಅನ್ನುತ್ತಾರೆ, ವರ್ಚುವಲ್ ಐಪಿ. ಅದರ ಹಿಂದೆ ಹತ್ತೋ ಇನ್ನೂರೋ ಸರ್ವರ್‌ಗಳ ಪೂಲ್. ಹಂಚುವವನು ಕವರಿನ ಮೇಲಿನ ವಿಳಾಸ, ಪೋರ್ಟ್ ಇಷ್ಟನ್ನೇ ನೋಡಿ ಕಳಿಸಿದರೆ ಅದು ಲೇಯರ್ 4. ಕವರು ಒಡೆದು ಒಳಗಿನ ಯುಆರ್‌ಎಲ್, ಕುಕ್ಕಿ, ಹೆಡರ್ ಓದಿ ತೀರ್ಮಾನಿಸಿದರೆ ಲೇಯರ್ 7. ಮೊದಲನೆಯದು ಅಗ್ಗ, ವೇಗ. ಎರಡನೆಯದಕ್ಕೆ ಗೂಢಲಿಪಿಯನ್ನು ಅಲ್ಲೇ ಬಿಡಿಸಬೇಕು, ಹಾಗಾಗಿ ಸಂಸ್ಥೆಯ ಪ್ರಮಾಣಪತ್ರ, ಖಾಸಗಿ ಕೀಲಿ ಎಲ್ಲವೂ ಆ ಪೆಟ್ಟಿಗೆಯಲ್ಲೇ ಇರಬೇಕು. ಓದಬಲ್ಲವನು ತಡೆಯಲೂ ಬಲ್ಲ, ತಿದ್ದಲೂ ಬಲ್ಲ. ಸಂಕುಚನ, ಕ್ಯಾಶ್, ವೆಬ್ ಫೈರ್‌ವಾಲ್, ಲಾಗಿನ್ ಎಲ್ಲ ಒಂದರ ಮೇಲೊಂದು ಸೇರಿಕೊಂಡು ಲೋಡ್ ಬ್ಯಾಲೆನ್ಸರ್ ‘ಅಪ್ಲಿಕೇಶನ್ ಡೆಲಿವರಿ ಕಂಟ್ರೋಲರ್’ ಎಂಬ ಉದ್ದ ಹೆಸರು ಪಡೆದದ್ದು ಹಾಗೆ.

ಯಾವ ಸರ್ವರಿಗೆ ಕಳಿಸಬೇಕು ಎಂಬ ತೀರ್ಮಾನದಲ್ಲೇ ಮೊದಲ ಬಲೆಯಿದೆ. ಸರದಿ ಪ್ರಕಾರ ಹಂಚುವುದು ರೌಂಡ್ ರಾಬಿನ್. ಅದಕ್ಕಿಂತ ಜಾಣತನದ್ದು ಎಂದು ಹೆಸರಾದದ್ದು ಲೀಸ್ಟ್ ಕನೆಕ್ಷನ್, ಅಂದರೆ ಯಾರ ಬಳಿ ಕಡಿಮೆ ಕೆಲಸ ಬಾಕಿಯಿದೆಯೋ ಅವರಿಗೆ. ಟೋಲ್ ಗೇಟಿನಲ್ಲಿ ನಾವೂ ಹೀಗೇ ಚಿಕ್ಕ ಸಾಲು ಹುಡುಕುತ್ತೇವೆ, ಮುಂದಿನ ಲಾರಿಯ ಫಾಸ್ಟ್ಯಾಗ್ ಓದದೆ ನಿಂತಾಗ ಹಣೆ ಚಚ್ಚಿಕೊಳ್ಳುತ್ತೇವೆ. ಸರ್ವರ್‌ಗಳಲ್ಲಿ ಇದರ ಉಲ್ಟಾ ರೂಪ ಇನ್ನೂ ಅಪಾಯ. ಹತ್ತರಲ್ಲಿ ಒಂದು ಸರ್ವರ್ ಕೆಟ್ಟಿತು ಅನ್ನಿ. ಡೇಟಾಬೇಸ್ ಮುಟ್ಟದೆಯೇ ಪ್ರತಿ ಕೋರಿಕೆಗೂ ಕಣ್ಣು ಮಿಟುಕಿಸುವಷ್ಟರಲ್ಲಿ ‘500 ದೋಷ’ ಎಂದು ಉತ್ತರ ಎಸೆಯುತ್ತಿದೆ. ಬಾಕಿ ಕೆಲಸ ಸೊನ್ನೆ. ಲೀಸ್ಟ್ ಕನೆಕ್ಷನ್ ಲೆಕ್ಕದಲ್ಲಿ ಅದೇ ಎಲ್ಲರಿಗಿಂತ ಚುರುಕಾದ ಕೆಲಸಗಾರ, ಬಂದವರನ್ನೆಲ್ಲ ಅದರ ಬಾಯಿಗೇ ಕಳಿಸುತ್ತದೆ. ಒಂಬತ್ತು ಸರ್ವರ್ ಆರೋಗ್ಯವಾಗಿದ್ದೂ ಸೈಟು ಬಿದ್ದಂತೆಯೇ.

ಸಾವಿರಾರು ಸರ್ವರ್‌ಗಳಿದ್ದು ಹಂಚುವವರೂ ಹಲವರಿದ್ದಾಗ ಎಲ್ಲರೂ ‘ಅತಿ ಖಾಲಿ’ ಸರ್ವರಿಗೇ ಏಕಕಾಲಕ್ಕೆ ಮುಗಿಬೀಳುವ ಸಮಸ್ಯೆಯೂ ಇದೆ. ಇದಕ್ಕೆ ಚೆಂದದ ಪರಿಹಾರ ಗಣಿತದಿಂದ ಬಂತು: ಎಲ್ಲರನ್ನೂ ಅಳೆಯಲು ಹೋಗಬೇಡಿ, ಯಾವುದಾದರೂ ಇಬ್ಬರನ್ನು ಚೀಟಿ ಎತ್ತಿ ಆರಿಸಿ, ಅವರಲ್ಲಿ ಕಡಿಮೆ ಹೊರೆ ಇರುವವರಿಗೆ ಕೊಡಿ. ಮೈಕೆಲ್ ಮಿಟ್ಜೆನ್‌ಮೇಕರ್ 1996ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದರ ಬಲವನ್ನು ತೋರಿಸಿದರು. ಇಂದು ಎನ್‌ಜಿನ್‌ಎಕ್ಸ್, ಎನ್ವಾಯ್, ಎಚ್‌ಎಪ್ರಾಕ್ಸಿ ಎಂಬ ಮೂರು ಉಚಿತ ತಂತ್ರಾಂಶಗಳಲ್ಲೂ ಈ ವಿಧಾನ ಸಿಗುತ್ತದೆ. ಬ್ರೋಷರುಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಎರಡನೆಯ ಬಲೆ ಹೆಲ್ತ್ ಚೆಕ್. ಸರ್ವರ್ ಬದುಕಿದೆಯೇ ಎಂದು ಐದು ಸೆಕೆಂಡಿಗೊಮ್ಮೆಯೋ ಹತ್ತಕ್ಕೊಮ್ಮೆಯೋ ಬಾಗಿಲು ತಟ್ಟುವುದು. ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡಿದರೆ ಒಳಗೆ ಸತ್ತ ಅಪ್ಲಿಕೇಶನ್ ಕೂಡ ‘ಹೌದು’ ಅನ್ನುತ್ತದೆ. ಹಾಗೆಂದು ಡೇಟಾಬೇಸಿನವರೆಗೂ ಹೋಗಿ ಬರುವ ಆಳವಾದ ತಪಾಸಣೆ ಇಟ್ಟರೆ ಬೇರೆಯದೇ ಕಥೆ. ಡೇಟಾಬೇಸ್ ಎರಡು ನಿಮಿಷ ನಿಧಾನವಾದರೆ ಸಾಕು, ಪೂಲಿನ ಎಲ್ಲ ಸರ್ವರ್‌ಗಳೂ ಒಟ್ಟಿಗೇ ತಪಾಸಣೆಯಲ್ಲಿ ಫೇಲಾಗಿ ಒಂದೂ ಉಳಿಯುವುದಿಲ್ಲ. ತಡವಾಗಿಯಾದರೂ ತೆರೆಯಬಹುದಾಗಿದ್ದ ಸೈಟು ಪೂರ್ತಿ ಮುಚ್ಚಿಹೋಗುತ್ತದೆ. ಎನ್ವಾಯ್‌ನಲ್ಲಿ ಇದಕ್ಕೊಂದು ಒಳ್ಳೆಯ ಎಚ್ಚರವಿದೆ: ನಿಗದಿತ ಪಾಲಿಗಿಂತ ಹೆಚ್ಚು ಸರ್ವರ್‌ಗಳು ಕೆಟ್ಟಿವೆ ಎಂದು ಕಂಡರೆ ತಪಾಸಣೆಯನ್ನೇ ಅನುಮಾನಿಸಿ ಎಲ್ಲರಿಗೂ ಹಂಚಲು ತೊಡಗುತ್ತದೆ. ಅಮೆಜಾನಿನ ಬ್ಯಾಲೆನ್ಸರ್ ಕೂಡ ಗುಂಪಿನ ಎಲ್ಲವೂ ಕೆಟ್ಟವೆಂದು ಕಂಡಾಗ ಎಲ್ಲಕ್ಕೂ ಕಳಿಸುತ್ತದೆ. ಇಂಥ ವರ್ತನೆ ಇದೆಯೇ, ಯಾವ ಮಿತಿಯಲ್ಲಿ ಶುರುವಾಗುತ್ತದೆ ಎಂದು ಕೇಳುವ ಟೆಂಡರ್ ದಾಖಲೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಪೆಟ್ಟಿಗೆಗಳ ಮನೆತನ

ಮಾರುಕಟ್ಟೆಯ ಹಿರಿಯಣ್ಣ ಸಿಯಾಟಲ್‌ನ ಎಫ್5. 1996ರಲ್ಲಿ ಹುಟ್ಟಿದ ಕಂಪನಿ, ಅದೇ ವರ್ಷ ತೆರೆಕಂಡ ‘ಟ್ವಿಸ್ಟರ್’ ಸಿನಿಮಾದಿಂದ ಅತಿ ಉಗ್ರ ಸುಂಟರಗಾಳಿಯ ದರ್ಜೆಯನ್ನೇ ಹೆಸರಾಗಿ ಇಟ್ಟುಕೊಂಡಿತು. ಮರುವರ್ಷ ಬಂದ ಅದರ ಬಿಗ್-ಐಪಿ ದೊಡ್ಡ ಬ್ಯಾಂಕುಗಳು, ಟೆಲಿಕಾಂ ಕಂಪನಿಗಳಲ್ಲಿ ಬೇರುಬಿಟ್ಟದ್ದು ಐರೂಲ್ಸ್ ಕಾರಣದಿಂದ. ಟಿಸಿಎಲ್ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಹಾದುಹೋಗುವ ಯಾವ ಕೋರಿಕೆಯನ್ನಾದರೂ ತಿರುಗಿಸಬಹುದು, ತಿದ್ದಬಹುದು. ಅಪ್ಲಿಕೇಶನ್ ತಂಡ ಆರು ತಿಂಗಳು ಬೇಕು ಎಂದ ತಿದ್ದುಪಡಿಯನ್ನು ನೆಟ್‌ವರ್ಕ್ ತಂಡ ಒಂದು ಸಂಜೆಯಲ್ಲಿ ಮುಗಿಸಿಬಿಡಬಹುದು. ಬಲವೂ ಅದೇ, ಬಂಧನವೂ ಅದೇ. ಹತ್ತು ವರ್ಷ ಹೀಗೆ ಕೂಡುತ್ತ ಹೋದ ನಿಯಮಗಳನ್ನು ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಉಳಿದವರಿಗೆ ಮುಟ್ಟಲು ಧೈರ್ಯ ಸಾಲದು. ಬೇರೆ ಕಂಪನಿಯ ಪೆಟ್ಟಿಗೆ ಅರ್ಧ ಬೆಲೆಗೆ ಸಿಕ್ಕರೂ ಈ ನಿಯಮಗಳು ತಾವಾಗಿ ಅಲ್ಲಿಗೆ ನಡೆದುಹೋಗುವುದಿಲ್ಲ.

ಎರಡನೆಯದು ನೆಟ್‌ಸ್ಕೇಲರ್, ಬೆಂಗಳೂರಿನ ನಂಟಿರುವುದು ಇದಕ್ಕೆ. 1997ರಲ್ಲಿ ಮಿಶೆಲ್ ಸುಸೈ ಕಟ್ಟಿದ ಕಂಪನಿಯನ್ನು ಸಿಟ್ರಿಕ್ಸ್ 2005ರಲ್ಲಿ ಕೊಂಡಿತು. ಅದರ ಎಂಜಿನಿಯರಿಂಗಿನ ದೊಡ್ಡ ಪಾಲು ನಡೆದುಬಂದದ್ದು ಬೆಂಗಳೂರಿನಲ್ಲೇ. 2018ರಲ್ಲಿ ‘ಸಿಟ್ರಿಕ್ಸ್ ಎಡಿಸಿ’ ಎಂದು ಹೆಸರು ಬದಲಾಯಿಸಿ, 2022ರಲ್ಲಿ ಮತ್ತೆ ನೆಟ್‌ಸ್ಕೇಲರ್ ಮಾಡಿದರು. ಅದೇ ವರ್ಷ ವಿಸ್ಟಾ ಮತ್ತು ಎಲಿಯಟ್ ಎಂಬ ಹೂಡಿಕೆ ಸಂಸ್ಥೆಗಳು ಸಿಟ್ರಿಕ್ಸನ್ನು 1,650 ಕೋಟಿ ಡಾಲರ್ ವ್ಯವಹಾರದಲ್ಲಿ ಷೇರುಪೇಟೆಯಿಂದ ಹೊರಗೆ ತಂದು ಟಿಬ್ಕೊ ಎಂಬ ತಂತ್ರಾಂಶ ಕಂಪನಿಯ ಜತೆ ಸೇರಿಸಿದವು. ಮೂರನೆಯ ಉದಾಹರಣೆ ಆವಿ ನೆಟ್‌ವರ್ಕ್ಸ್. ಸಿಸ್ಕೊ ಬಿಟ್ಟುಬಂದ ಎಂಜಿನಿಯರುಗಳು 2012ರಲ್ಲಿ ಕಟ್ಟಿದ್ದು. ಸಂಚಾರ ಹೊರುವ ಭಾಗವನ್ನು ಸಾಮಾನ್ಯ ಸರ್ವರ್‌ಗಳ ಮೇಲೆ ಹರಡಿ, ಎಲ್ಲವನ್ನೂ ಒಂದೇ ಕಂಟ್ರೋಲರಿನಿಂದ ಆಳುವುದು ಅದರ ಯೋಚನೆ. ತಾಂತ್ರಿಕವಾಗಿ ನನಗೆ ಇಂದಿಗೂ ಮೆಚ್ಚಿನ ವಿನ್ಯಾಸ. 2019ರಲ್ಲಿ ಅದು ವಿಎಂವೇರ್ ಪಾಲಾಯಿತು, 2023ರಲ್ಲಿ ವಿಎಂವೇರೇ ಬ್ರಾಡ್‌ಕಾಮ್ ಪಾಲಾಯಿತು. ಮಾಲೀಕರು ಬದಲಾದರೆ ಲೈಸೆನ್ಸ್ ಮಾರುವ ರೀತಿ, ಯಾವುದರ ಜತೆ ಯಾವುದನ್ನು ಕೊಳ್ಳಬೇಕು ಎಂಬ ಕಟ್ಟುಪಾಡು ಎರಡೂ ಬದಲಾಗುತ್ತವೆ. ಮೂರು ವರ್ಷದ ಬಳಿಕ ನವೀಕರಣದ ಬಿಲ್ ಎಷ್ಟಾಗುತ್ತದೆಂದು ಇವತ್ತಿನ ಮಾರಾಟಗಾರ ಬರೆದುಕೊಡಲಾರ. ಎ10, ರಾಡ್‌ವೇರ್, ಆರೇ ಇವೂ ಸ್ಪರ್ಧೆಯಲ್ಲಿವೆ. ಬೆಲೆಯಲ್ಲಿ ಚೌಕಾಸಿಗೆ ಒಳ್ಳೆಯವು.

ಹಾಗಾದರೆ ಉಚಿತ ತಂತ್ರಾಂಶವೇ ವಾಸಿಯೇ? ಫ್ರಾನ್ಸಿನ ವಿಲ್ಲಿ ಟಾರೋ 2001ರಲ್ಲಿ ಹೊರತಂದ ಎಚ್‌ಎಪ್ರಾಕ್ಸಿ, ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎನ್‌ಜಿನ್‌ಎಕ್ಸ್ ಎರಡೂ ಒಂದೊಂದು ತಲೆಯಲ್ಲಿ ಹುಟ್ಟಿ ಜಗತ್ತಿನ ದೊಡ್ಡ ಸೈಟುಗಳನ್ನು ಹೊತ್ತಿವೆ. ಬಹುಪಾಲು ಸಂಸ್ಥೆಗಳ ಬಹುಪಾಲು ಕೆಲಸಕ್ಕೆ ಇವು ಸಾಕು ಎಂಬುದು ನನ್ನ ಮತ. ಆದರೆ ಇಲ್ಲೂ ಮಾಲೀಕತ್ವದ ಗಾಳಿ ಬೀಸಿದೆ. 2019ರಲ್ಲಿ ಎನ್‌ಜಿನ್‌ಎಕ್ಸ್ ಕಂಪನಿಯನ್ನು 67 ಕೋಟಿ ಡಾಲರಿಗೆ ಕೊಂಡದ್ದು ಬೇರಾರೂ ಅಲ್ಲ, ಎಫ್5. ಕಂಟೇನರ್‌ಗಳನ್ನು ನಿಭಾಯಿಸುವ ಕ್ಯುಬರ್‌ನೆಟೀಸ್ ಲೋಕದಲ್ಲಿ ಅಸಂಖ್ಯ ಸಂಸ್ಥೆಗಳು ನೆಚ್ಚಿದ್ದ ಇಂಗ್ರೆಸ್ ಎನ್‌ಜಿನ್‌ಎಕ್ಸ್ ಎಂಬ ಬೇರೆಯೇ ಯೋಜನೆಯನ್ನು ನಿವೃತ್ತಿಗೊಳಿಸುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಣೆ ಬಂತು. ಬಿಡುವಿನ ವೇಳೆಯಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬಿಬ್ಬರೇ. ಉಚಿತವಾದದ್ದಕ್ಕೆ ಬೆಲೆ ಸಂಬಳದ ರೂಪದಲ್ಲಿ ಬೀಳುತ್ತದೆ. ಅದನ್ನು ಅರಿತ ಇಬ್ಬರು ಎಂಜಿನಿಯರುಗಳು ಮನೆಯಲ್ಲಿದ್ದರೆ ಲಾಭ. ಜಿಲ್ಲಾ ಕೇಂದ್ರದ ಸಹಕಾರಿ ಬ್ಯಾಂಕಿನಲ್ಲಿ ಐಟಿಗೆಂದು ಇರುವವರೇ ಇಬ್ಬರಾದರೆ, ರಾತ್ರಿ ಎರಡಕ್ಕೆ ಫೋನ್ ಎತ್ತುವ ಕಂಪನಿಯ ಪೆಟ್ಟಿಗೆಯೇ ಸರಿ.

ಗೂಗಲ್ ಮಾತ್ರ ಯಾರ ಪೆಟ್ಟಿಗೆಯನ್ನೂ ನೆಚ್ಚಲಿಲ್ಲ. ಒಂದು ದುಡಿಯುವುದು, ಇನ್ನೊಂದು ಅದು ಬಿದ್ದರೆ ಏಳಲೆಂದು ಸುಮ್ಮನೆ ಕೂರುವುದು, ಹೀಗೆ ಜೋಡಿಯಾಗಿ ಕೊಳ್ಳುವ ಪದ್ಧತಿಯನ್ನು ಬಿಟ್ಟು ಸಾಮಾನ್ಯ ಯಂತ್ರಗಳ ಸಾಲಿಗೇ ಕೆಲಸ ಒಪ್ಪಿಸಿತು. ಮ್ಯಾಗ್ಲೆವ್ ಎಂಬ ಈ ವ್ಯವಸ್ಥೆ 2008ರಿಂದ ನಡೆಯುತ್ತಿದ್ದು, ವಿವರ ಹೊರಬಿದ್ದದ್ದು 2016ರ ಪ್ರಬಂಧದಲ್ಲಿ. ಒಂದು ಯಂತ್ರ ಬಿದ್ದರೂ ಬಹುಪಾಲು ಕನೆಕ್ಷನ್‌ಗಳು ತಮ್ಮ ಹಳೆಯ ಸರ್ವರಿಗೇ ಹೋಗುವಂತೆ ಅದರ ಹ್ಯಾಶಿಂಗ್ ನೋಡಿಕೊಳ್ಳುತ್ತದೆ.

ಕ್ಲೌಡ್ ಆದರೆ ಚಿಂತೆಯಿಲ್ಲವೇ

ಅಮೆಜಾನ್ 2009ರಲ್ಲಿ ಇಎಲ್‌ಬಿ ಎಂಬ ತನ್ನ ಕ್ಲೌಡ್ ಸೇವೆ ತಂದ ಮೇಲೆ ಲೋಡ್ ಬ್ಯಾಲೆನ್ಸರ್ ಎಂಬುದು ವಿದ್ಯುತ್ ಮೀಟರಿನ ಲೆಕ್ಕಕ್ಕೆ ಬಂತು. ಕೊಳ್ಳಬೇಕಿಲ್ಲ, ಬಳಸಿದಷ್ಟಕ್ಕೆ ಕಟ್ಟಿದರಾಯಿತು. ಹೊಸದಾಗಿ ಶುರು ಮಾಡುವವರು ಬೇರೆ ಯೋಚನೆಯನ್ನೇ ಮಾಡಬೇಕಿಲ್ಲ. ಆದರೂ 2012ರ ಕ್ರಿಸ್‌ಮಸ್ ಹಿಂದಿನ ದಿನ ಅಮೆಜಾನಿನ ಅಮೆರಿಕ ಪೂರ್ವ ವಲಯದಲ್ಲಿ ನಡೆದದ್ದನ್ನು ಪ್ರತಿ ನೆಟ್‌ವರ್ಕ್ ಎಂಜಿನಿಯರ್ ಓದಿರಬೇಕು.

ಅಂದು ನಿರ್ವಹಣೆಯ ಒಂದು ಪ್ರಕ್ರಿಯೆ ತಪ್ಪಿ ನಿಜವಾದ ಇಎಲ್‌ಬಿ ದತ್ತಾಂಶದ ಮೇಲೆಯೇ ಓಡಿ, ಯಾವ ಬ್ಯಾಲೆನ್ಸರ್ ಹೇಗೆ ಕೆಲಸ ಮಾಡಬೇಕು ಎಂಬ ಮಾಹಿತಿಯ ಒಂದು ಭಾಗವನ್ನು ಅಳಿಸಿತು. ಮೊದಲಿಗೆ ಕಾರಣವೇನೆಂದು ಯಾರಿಗೂ ಗೊತ್ತಾಗಲಿಲ್ಲ, ಓಡುತ್ತಿದ್ದವು ಓಡುತ್ತಲೇ ಇದ್ದವು. ಹೊರೆ ಹೆಚ್ಚಿ ಹಿಗ್ಗಬೇಕಾದಾಗ, ಯಾರಾದರೂ ಬದಲಾವಣೆ ಮಾಡಿದಾಗ, ಆ ಬ್ಯಾಲೆನ್ಸರ್ ತಪ್ಪು ಸಂರಚನೆಗೆ ಬೀಳುತ್ತಿತ್ತು. ಅಂದರೆ ರಿಪೇರಿಗೆಂದು ಕೈ ಹಾಕಿದಷ್ಟೂ ಕೆಡುತ್ತಿತ್ತು. ಹಬ್ಬದ ರಾತ್ರಿ ನೆಟ್‌ಫ್ಲಿಕ್ಸ್ ನೋಡಲು ಕೂತ ಅಮೆರಿಕದ ಎಷ್ಟೋ ಮನೆಗಳಲ್ಲಿ ಪರದೆ ಖಾಲಿ. ಎಲ್ಲ ಸರಿಹೋಗಲು ಮರುದಿನ ಮಧ್ಯಾಹ್ನವಾಯಿತು. ಸಂಚಾರ ಹೊರುವ ಭಾಗಕ್ಕೂ ಅದಕ್ಕೆ ಆಜ್ಞೆ ಕೊಡುವ ಭಾಗಕ್ಕೂ ನಡುವಿನ ಅಂತರ ಎಷ್ಟು, ಆಜ್ಞೆ ಕೊಡುವವನು ಸತ್ತರೆ ಹೊರುವವನು ಎಷ್ಟು ಹೊತ್ತು ನಿಲ್ಲುತ್ತಾನೆ? ಈ ಪ್ರಶ್ನೆಯನ್ನು ಕ್ಲೌಡಿಗೂ ಕೇಳಬೇಕು, ಆವಿಯಂಥ ವಿನ್ಯಾಸಕ್ಕೂ ಕೇಳಬೇಕು.

ಭದ್ರತೆಯ ಮಾತಂತೂ ಹೋಲಿಕೆಯ ಹಾಳೆಯನ್ನೇ ತಲೆಕೆಳಗು ಮಾಡುತ್ತದೆ. ಕೀಲಿಗಳೆಲ್ಲ ಅಲ್ಲೇ ಇರುವುದರಿಂದ ಕಳ್ಳರಿಗೂ ಅದೇ ಬೇಕು. 2020ರ ಜುಲೈನಲ್ಲಿ ಬಿಗ್-ಐಪಿಯ ಆಡಳಿತ ಪುಟದಲ್ಲಿ ಕಂಡುಬಂದ ದೋಷಕ್ಕೆ ತೀವ್ರತೆಯ ಪಟ್ಟಿಯಲ್ಲಿ ಹತ್ತಕ್ಕೆ ಹತ್ತು ಅಂಕ. 2023ರ ‘ಸಿಟ್ರಿಕ್ಸ್ ಬ್ಲೀಡ್’ ನೆಟ್‌ಸ್ಕೇಲರಿನ ಸ್ಮೃತಿಯಿಂದ ಲಾಗಿನ್ ಆದವರ ಸೆಷನ್ ಗುರುತುಗಳನ್ನೇ ಸೋರಿಸಿತು. ಪ್ಯಾಚ್ ಹಾಕಿದ ಮೇಲೂ ಹಳೆಯ ಸೆಷನ್‌ಗಳನ್ನು ಕಡಿಯದಿದ್ದರೆ ಕದ್ದ ಗುರುತು ನಡೆಯುತ್ತಲೇ ಇತ್ತು. 2025ರ ಅಕ್ಟೋಬರ್‌ನಲ್ಲಿ ಎಫ್5 ತಾನೇ ಒಪ್ಪಿಕೊಂಡಿತು: ಯಾವುದೋ ದೇಶದ ಬೆಂಬಲವಿದ್ದವರು ತನ್ನ ಜಾಲದೊಳಗೆ ಬಹುಕಾಲ ಇದ್ದು ಬಿಗ್-ಐಪಿಯ ಮೂಲ ಸಂಕೇತದ ಭಾಗಗಳನ್ನೂ, ಇನ್ನೂ ಪ್ರಕಟಿಸದ ದೋಷಗಳ ಮಾಹಿತಿಯನ್ನೂ ಒಯ್ದಿದ್ದಾರೆ. ಹಾಗಾಗಿ ಖರೀದಿಯಲ್ಲಿ ಗಿಗಾಬಿಟ್‌ಗಿಂತ ಮೇಲೆ ಬರಬೇಕಾದ ಪ್ರಶ್ನೆ, ಪ್ಯಾಚ್ ಬಂದ ದಿನವೇ ಹಗಲು ಹೊತ್ತಿನಲ್ಲಿ, ಬಳಕೆದಾರರಿಗೆ ತಿಳಿಯದಂತೆ ಹಾಕಲು ನಮ್ಮಿಂದ ಆಗುತ್ತದೆಯೇ ಎಂಬುದು. ಮೂರು ತಿಂಗಳಿಗೊಮ್ಮೆ ಭಾನುವಾರ ರಾತ್ರಿಯ ಚೇಂಜ್ ವಿಂಡೋಗೆ ಕಾಯುವ ಸಂಸ್ಥೆಗೆ ಎಷ್ಟು ದುಬಾರಿ ಪೆಟ್ಟಿಗೆಯೂ ತೆರೆದ ಕಿಟಕಿಯೇ.

ಯಾವ ಪೆಟ್ಟಿಗೆಯೂ ತಾನಾಗಿ ಬಗೆಹರಿಸದ ಸಂಗತಿಗೆ ಉದಾಹರಣೆ ನಮ್ಮಲ್ಲೇ ಇದೆ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಂಟಿ, ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ವಾಪಸಾದರು. ದಾಳಿಕೋರರು ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ಹುಡುಕುವ ಕೋರಿಕೆಗಳ ಮಳೆ ಸುರಿಸಿದ್ದರು. ಒಂದೊಂದು ಕೋರಿಕೆಯೂ ನೋಡಲು ನ್ಯಾಯವಾದದ್ದೇ. ಲೇಯರ್ 4ರಲ್ಲಿ ನಿಂತವನಿಗೆ ಅದರಲ್ಲಿ ಅನುಮಾನಿಸುವಂಥದ್ದು ಏನೂ ಇಲ್ಲ. ಆದರೆ ಪ್ರತಿ ಹುಡುಕಾಟವೂ ಡೇಟಾಬೇಸನ್ನು ಕೆದಕುವಂಥದ್ದು. ಅದನ್ನು ಹತ್ತು ಸರ್ವರ್‌ಗಳಿಗೆ ಎಷ್ಟು ಸಮವಾಗಿ ಹಂಚಿದರೂ ಕೊನೆಗೆ ಭಾರ ಬೀಳುವುದು ಒಂದೇ ಡೇಟಾಬೇಸಿನ ಮೇಲೆ. ಒಂದು ಖಾತೆಗೆ ಗಂಟೆಗೆ ಇಷ್ಟೇ ಹುಡುಕಾಟ ಎಂಬ ಮಿತಿಯನ್ನು ಲೇಯರ್ 7ರಲ್ಲಿ ಹಾಕಬಹುದು. ಯಾವ ಕೋರಿಕೆ ದುಬಾರಿ ಎಂದು ಅದಕ್ಕೆ ಹೇಳಿಕೊಡಬೇಕಾದವರು ಮಾತ್ರ ಅಪ್ಲಿಕೇಶನ್ ಬರೆದವರು, ನೆಟ್‌ವರ್ಕ್ ತಂಡವಲ್ಲ. ಬಹಳಷ್ಟು ಸಂಸ್ಥೆಗಳಲ್ಲಿ ಇವರಿಬ್ಬರೂ ಒಂದೇ ಕೋಣೆಯಲ್ಲಿ ಕೂರುವುದು ಸೈಟು ಬಿದ್ದ ಮೇಲೆಯೇ.

ಆದ್ದರಿಂದ ಪಿಒಸಿ, ಅಂದರೆ ಕೊಳ್ಳುವ ಮೊದಲಿನ ಪರೀಕ್ಷೆಗೆ ಮಾರಾಟಗಾರ ತಂದ ಲೋಡ್ ಜನರೇಟರನ್ನು ಪಕ್ಕಕ್ಕಿಡಿ. ನಿಮ್ಮದೇ ಅಪ್ಲಿಕೇಶನ್ ಹಿಂದಿಟ್ಟು, ವಹಿವಾಟು ನಡೆಯುತ್ತಿರುವಾಗಲೇ ದುಡಿಯುತ್ತಿರುವ ಪೆಟ್ಟಿಗೆಯ ಪವರ್ ಕೇಬಲ್ ಕೀಳಿ. ಎಷ್ಟು ಜನ ಮತ್ತೆ ಲಾಗಿನ್ ಆಗಬೇಕಾಯಿತು ಎಣಿಸಿ. ಒಂದು ಸರ್ವರಿಗೆ ಬೇಕೆಂದೇ 500 ಉತ್ತರಿಸಲು ಹೇಳಿ. ಡೇಟಾಬೇಸನ್ನು ನಿಧಾನ ಮಾಡಿ. ಬ್ಯಾಲೆನ್ಸರ್ ಸುಮ್ಮನಿರುವ ಕನೆಕ್ಷನನ್ನು ಎಷ್ಟು ಸೆಕೆಂಡಿಗೆ ಕಡಿಯುತ್ತದೆ, ಸರ್ವರ್ ಎಷ್ಟಕ್ಕೆ ಕಡಿಯುತ್ತದೆ ಎಂದು ಹೋಲಿಸಿ. ಅಮೆಜಾನಿನ ಅಪ್ಲಿಕೇಶನ್ ಬ್ಯಾಲೆನ್ಸರಿನಲ್ಲಿ ಇದು ಮೊದಲಿಗೆ 60 ಸೆಕೆಂಡ್ ಇರುತ್ತದೆ. ಹಿಂದಿನ ಸರ್ವರ್ ಅದಕ್ಕೂ ಮೊದಲೇ ಬಾಗಿಲು ಹಾಕುವಂತಿದ್ದರೆ ದಿನಕ್ಕೆ ನಾಲ್ಕೈದು ಸಲ, ಕಾರಣವೇ ತಿಳಿಯದಂತೆ, 502 ದೋಷ ಕಾಣಿಸುತ್ತದೆ, ಅದನ್ನು ಹುಡುಕುತ್ತ ವಾರಗಳು ಹೋಗುತ್ತವೆ. ಈ ಎಲ್ಲ ಹೊತ್ತಿನಲ್ಲೂ ಕೀಬೋರ್ಡ್ ಮುಂದೆ ಕೂರಬೇಕಾದವರು ಕಂಪನಿ ಕಳಿಸಿದ ಚುರುಕು ಹುಡುಗರಲ್ಲ, ಮುಂದೆ ರಾತ್ರಿಪಾಳಿ ಮಾಡಲಿರುವ ನಿಮ್ಮ ಸಿಬ್ಬಂದಿ.