ಸ್ಟವ್ ತಾನಾಗಿ ಸಿಡಿಯುವುದಿಲ್ಲ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಅಡುಗೆಮನೆಗಳಿಂದ ಸೀಮೆಎಣ್ಣೆಯ ಪಂಪ್ ಸ್ಟವ್ ಹೊರಬಿದ್ದು ಬಹಳ ಕಾಲವಾಯಿತು. 2016ರಲ್ಲಿ ಅಡುಗೆ ಅನಿಲದ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಗಳಲ್ಲಿ ಉಳಿದಿದ್ದವೂ ಅಟ್ಟ ಸೇರಿದವು. ಆದರೆ ಮನೆ ಬಿಟ್ಟ ಸ್ಟವ್ ದಾರಿ ಹಿಡಿದಿದೆ. ಸಂಡೂರಿನಿಂದ ಅದಿರು ಹೊರುವ ಲಾರಿಯ ಕ್ಯಾಬಿನ್ನಿನಲ್ಲಿ, ಕಂಪ್ಲಿ ಸುತ್ತಲಿನ ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ, ಹುಲಿಗಿ ಜಾತ್ರೆಗೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೊರಟವರ ಸಾಮಾನಿನಲ್ಲಿ ಅದು ಇನ್ನೂ ಸಿಗುತ್ತದೆ. ಹಂಪಿಯ ಬಂಡೆ ಹತ್ತಲು ಬರುವ ಹುಡುಗರ ಬೆನ್ನುಚೀಲದಲ್ಲಿ ಅದರ ಹೊಸ ಅವತಾರವಿದೆ. ಪುಟ್ಟ ಬರ್ನರ್, ಕೈಪಂಪ್, ಒಂದು ಎಣ್ಣೆ ಬಾಟಲಿ, ಪೆಟ್ಟಿಗೆಯ ಮೇಲೆ ‘ಮಲ್ಟಿ ಫ್ಯೂಯೆಲ್’ ಎಂಬ ದೊಡ್ಡಕ್ಷರ. ಸ್ಟವ್ ಜೊತೆಗೇ ಒಂದು ನಂಬಿಕೆಯೂ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿದೆ: ಪಂಪ್ ಜಾಸ್ತಿ ಹೊಡೆದರೆ ಸ್ಟವ್ ಬಾಂಬಿನಂತೆ ಸಿಡಿಯುತ್ತದೆ, ಒಮ್ಮೊಮ್ಮೆ ಪಂಪ್ ಹೊಡೆಯದಿದ್ದರೂ ಸಿಡಿಯುತ್ತದೆ, ಅದೆಲ್ಲ ನಮ್ಮ ಹಣೆಬರಹ. ಇದನ್ನು ಹೇಳುವವರೇ ಮರುಗಳಿಗೆಯಲ್ಲಿ ಅದೇ ಸ್ಟವ್‌ಗೆ ಬೈಕಿನಿಂದ ಪೆಟ್ರೋಲ್ ಇಳಿಸಿ ಸುರಿಯುತ್ತಾರೆ. ಹೆದರಬೇಕಾದ ಕಡೆ ಧೈರ್ಯ, ಹೆದರಬೇಕಿಲ್ಲದ ಕಡೆ ನಡುಕ. ಸಿಟ್ಟು ಬರುವುದು ಇದಕ್ಕೆ.

ಮೊದಲು ಪಂಪಿನ ವಿಚಾರ. ಈ ಬಗೆಯ ಸ್ಟವ್ ಅನ್ನು ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ್ದು 1892ರಲ್ಲಿ. ಪ್ರೈಮಸ್ ಎಂಬ ಅದರ ಹೆಸರು ನಮ್ಮ ಅಜ್ಜಿಯರ ಕಾಲಕ್ಕೇ ಮನೆಮಾತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡವೂ 1953ರಲ್ಲಿ ಎವರೆಸ್ಟ್ ಏರಿದ ತಂಡವೂ ಹಿಮ ಕರಗಿಸಿಕೊಂಡದ್ದು ಇದರ ಮೇಲೆಯೇ. ಸುಮ್ಮನೆ ಸಿಡಿಯುವ ವಸ್ತುವನ್ನು ಹೊತ್ತು ಯಾರೂ ಅಲ್ಲಿಗೆ ಹೋಗುವುದಿಲ್ಲ. ಇದರ ತೊಟ್ಟಿಯೊಳಗಿನ ಒತ್ತಡ ಸಾಮಾನ್ಯವಾಗಿ ಒಂದೆರಡು ವಾಯುಭಾರದ ಆಸುಪಾಸಿನದು. ನಾವು ದಿನಾ ತುಳಿಯುವ ಸೈಕಲ್ಲಿನ ಟೈರಿನೊಳಗೆ ಇದಕ್ಕಿಂತ ಹೆಚ್ಚಿರುತ್ತದೆ. ಪಂಪಿನೊಳಗಿರುವುದು ಬಟ್ಟಲಿನಂಥ ಚರ್ಮದ ವಾಷರ್. ಒತ್ತಡ ಏರಿದಷ್ಟೂ ಹೆಬ್ಬೆರಳಿಗೆ ಎದುರೊತ್ತು ಹೆಚ್ಚುತ್ತದೆ. ಒಳಗೆ ಗಾಳಿ ತುಂಬಿದ್ದಕ್ಕೇ ಒಡೆಯಬೇಕಾದರೆ ಆ ತೊಟ್ಟಿ ಮೊದಲೇ ತುಕ್ಕು ತಿಂದು ಹಾಳಾಗಿರಬೇಕು.

ಹಾಗಾದರೆ ಪಂಪ್ ಎಷ್ಟು ಹೊಡೆದರೂ ಅಪಾಯವಿಲ್ಲವೇ? ಇದೆ, ಆದರೆ ಜನ ಎಣಿಸಿದ ಕಡೆ ಅಲ್ಲ. ಸ್ಟವ್‌ನಲ್ಲಿ ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ತೊಟ್ಟಿಯಿಂದ ಮೇಲೇರಿದ ಎಣ್ಣೆ ಕಾದ ಬರ್ನರಿನ ಕೊಳವೆಯಲ್ಲಿ ಸುತ್ತಿ ಆವಿಯಾಗಿ, ಕೂದಲೆಳೆಯಷ್ಟು ಸಣ್ಣ ತೂತಿನಿಂದ ಚಿಮ್ಮಿ, ಗಾಳಿ ಬೆರೆಸಿಕೊಂಡು ನೀಲಿಯಾಗಿ ಉರಿಯುತ್ತದೆ. ಬರ್ನರ್ ಸಾಕಷ್ಟು ಕಾದಿಲ್ಲದಿದ್ದರೆ ಆವಿಯ ಬದಲು ಎಣ್ಣೆಯೇ ಚಿಮ್ಮುತ್ತದೆ. ಆಗ ಏಳುವುದೇ ಮೊಳದುದ್ದದ ಹಳದಿ ಉರಿ, ಸೂರು ಕರ‍್ರಗಾಗಿಸುವ ಮಸಿ. ಹಳದಿ ಉರಿ ಕಂಡೊಡನೆ ನಮ್ಮವರು ಮಾಡುವುದು ಒಂದೇ: ಇನ್ನೂ ನಾಲ್ಕು ಪಂಪ್ ಹೊಡೆಯುವುದು. ಆವಿಯಾಗಲು ಪುರಸೊತ್ತಿಲ್ಲದ ಕಡೆಗೆ ಮತ್ತಷ್ಟು ಎಣ್ಣೆ ನೂಕಿದಂತಾಯಿತು. ಉರಿ ಇನ್ನೂ ಎದ್ದು, ಎಣ್ಣೆ ತಟ್ಟೆ ತುಂಬಿ, ತೊಟ್ಟಿಯ ಮೇಲೆ ಹರಿದು ಅಲ್ಲಿಯೂ ಹೊತ್ತಿಕೊಳ್ಳುತ್ತದೆ. ಗಾಬರಿಯಲ್ಲಿ ಕಾಲು ತಗುಲಿ ಸ್ಟವ್ ಉರುಳಿದರೆ ಚೆಲ್ಲಿದ ಎಣ್ಣೆಗೆಲ್ಲ ಬೆಂಕಿ. ‘ಬರ್ಸ್ಟ್ ಆಯಿತು’ ಎಂದು ಊರು ಹೇಳುವ ಹೆಚ್ಚಿನ ಪ್ರಸಂಗಗಳ ಒಳಗುಟ್ಟು ಇಷ್ಟೆ. ಸಿಡಿದದ್ದೇನೂ ಇಲ್ಲ, ಕಾಯಿಸದ ಬರ್ನರಿಗೆ ಎಣ್ಣೆ ನೂಕಿದ್ದಾರೆ. ಬರ್ನರಿನ ಬುಡದ ಬಟ್ಟಲಿನಲ್ಲಿ ಉರಿಸುವ ಒಂದಿಷ್ಟು ಸ್ಪಿರಿಟ್ ಉಳಿಸಲು ಚಿಂದಿ, ಕಾಗದ ಸುಟ್ಟು ಬರ್ನರ್ ಕಾಯಿಸುವವರಿಗೆ ಇದು ಕಟ್ಟಿಟ್ಟ ಬುತ್ತಿ.

ಇನ್ನು ಪೆಟ್ರೋಲ್. ಪಡಿತರದ ಸೀಮೆಎಣ್ಣೆ ಅಪರೂಪವಾಗಿದೆ, ಪೆಟ್ರೋಲ್ ಬಂಕ್ ಹೆಜ್ಜೆಗೊಂದು ಇದೆ. ಜೊತೆಗೆ ಪೆಟ್ರೋಲಿನ ಉರಿ ಜೋರು ಎಂಬ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 35 ಮೆಗಾಜೂಲ್ ಶಾಖವಿದ್ದರೆ ಪೆಟ್ರೋಲಿನಲ್ಲಿ ಸುಮಾರು 32. ಈಗ ಬಂಕಿನಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದಕ್ಕಿಂತಲೂ ಕಡಿಮೆ. ಅನ್ನ ಬೇಗ ಬೇಯಿಸಬೇಕಾದವರು ಹೆಚ್ಚು ದುಡ್ಡು ಕೊಟ್ಟು ಕಡಿಮೆ ಶಾಖ ಕೊಳ್ಳುತ್ತಿದ್ದಾರೆ. ಪೆಟ್ರೋಲ್ ಜೋರಾಗಿರುವುದು ಉರಿಯುವುದರಲ್ಲಲ್ಲ, ಹೊತ್ತಿಕೊಳ್ಳುವುದರಲ್ಲಿ. ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡಲು ಸೀಮೆಎಣ್ಣೆಗೆ 35 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಸಾಕು. ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಂಪಿಯ ಹೇಮಕೂಟದ ಹಿಂದೆಯೋ ಋಷ್ಯಮೂಕದ ಕಡೆಯೋ ಗಾಳಿಗೆ ಮರೆಯೆಂದು ಎರಡು ಬಂಡೆಗಳ ಸಂದಿ ಹುಡುಕಿ ಸ್ಟವ್ ಇಡುವವರು ಈ ಆವಿಗೆ ಹೇಳಿ ಮಾಡಿಸಿದ ಬಾವಿಯನ್ನೇ ಆರಿಸಿಕೊಂಡಿರುತ್ತಾರೆ. ಅಂದಹಾಗೆ, ಏಪ್ರಿಲ್, ಮೇ ತಿಂಗಳಲ್ಲಿ ಹೊಸಪೇಟೆಯ ಬಿಸಿಲು 40 ಡಿಗ್ರಿ ತಲುಪುವಾಗ ಸೀಮೆಎಣ್ಣೆಯೂ ಅಷ್ಟೇನೂ ಸಾಧುವಲ್ಲ. ಬಿಸಿಲಿಗಿಟ್ಟ ಡಬ್ಬಿಯ ಮುಚ್ಚಳ ತೆಗೆದು ಪಕ್ಕದಲ್ಲಿ ಬೀಡಿ ಹಚ್ಚುವ ಮುನ್ನ ಇದು ನೆನಪಿರಲಿ.

ಹಳೆಯ ಹಿತ್ತಾಳೆ ಪಂಪ್ ಸ್ಟವ್‌ಗೆ ಪೆಟ್ರೋಲ್ ಏಕೆ ಕೂಡದು ಎಂಬುದನ್ನು ಅದನ್ನು ಆರಿಸುವ ರೀತಿಯಲ್ಲೇ ಕಾಣಬಹುದು. ಅದಕ್ಕೆ ಉರಿ ತಿರುವುವ ಗುಬುಟು ಇರುವುದಿಲ್ಲ. ಎಣ್ಣೆ ಹಾಕುವ ಮುಚ್ಚಳದ ಪಕ್ಕದಲ್ಲೋ ಅದರ ಮೇಲೆಯೋ ಸಣ್ಣ ತಿರುಪಿರುತ್ತದೆ, ಅದನ್ನು ಸಡಿಲಿಸಿದರೆ ಬುಸ್ಸೆಂದು ಗಾಳಿ ಹೊರಬಿದ್ದು ಉರಿ ಆರುತ್ತದೆ. ಸೀಮೆಎಣ್ಣೆಯಿದ್ದಾಗ ಹೊರಬೀಳುವುದು ಬಹುಪಾಲು ಬರೀ ಗಾಳಿ. ಪೆಟ್ರೋಲಿದ್ದರೆ ಅದೇ ತೂತಿನಿಂದ, ಉರಿಯುತ್ತಿರುವ ಬರ್ನರಿಗೆ ಗೇಣು ದೂರದಲ್ಲಿ, ಒತ್ತಡದಲ್ಲಿ ಚಿಮ್ಮುವುದು ಪೆಟ್ರೋಲಿನ ಆವಿ. ಆರಿಸಲು ಹೋದ ಕೈಗೇ ಬೆಂಕಿ. ಇನ್ನೊಂದು ತೊಂದರೆಯೂ ಇದೆ. ಈ ಸ್ಟವ್‌ನಲ್ಲಿ ತೊಟ್ಟಿ ಇರುವುದು ಬರ್ನರಿನ ಕೆಳಗೇ. ಕೆಳಗಿನ ತೊಟ್ಟಿ ಬಿಸಿಯಾದಂತೆ ಪೆಟ್ರೋಲ್ ಪಂಪಿನ ಹಂಗಿಲ್ಲದೆ ತಾನೇ ಒತ್ತಡ ಏರಿಸುತ್ತದೆ, ಒತ್ತಡ ಏರಿದಂತೆ ಉರಿ ಏರುತ್ತದೆ, ಉರಿ ಏರಿದಂತೆ ತೊಟ್ಟಿ ಇನ್ನೂ ಕಾಯುತ್ತದೆ. ತೊಟ್ಟಿಯನ್ನು ಬೆಂಕಿಯೇ ಆವರಿಸಿದರಂತೂ ತವರದ ಬೆಸುಗೆ 190 ಡಿಗ್ರಿಯೊಳಗೇ ಕರಗಿ ಕಿತ್ತುಬರುತ್ತದೆ. ಸ್ಟವ್ ನಿಜಕ್ಕೂ ಒಡೆಯುವ ಅಪರೂಪದ ದಾರಿ ಇದು. ಸೀಮೆಎಣ್ಣೆಗೆ ಒಂದಿಷ್ಟು ಪೆಟ್ರೋಲ್ ‘ಬೆರೆಸುವುದು’ ಇದೇ ದಾರಿಯ ಅರ್ಧ ಪಯಣ.

‘ಪೆಟ್ಟಿಗೆಯ ಮೇಲೆ ಮಲ್ಟಿ ಫ್ಯೂಯೆಲ್ ಎಂದೇ ಬರೆದಿದೆಯಲ್ಲ?’ ಎನ್ನುವವರಿದ್ದಾರೆ. ಬರೆದಿದೆ, ನಿಜ. ಆದರೆ ಯಾವ ಎಣ್ಣೆಯನ್ನಾದರೂ ಹಾಗೇ ಸುರಿಯಿರಿ ಎಂದು ಬರೆದಿಲ್ಲ. ಪ್ರೈಮಸ್ ಕಂಪನಿಯ ಆಮ್ನಿಫ್ಯೂಯೆಲ್ ಸ್ಟವ್ ಜೊತೆ ಆವಿ ಚಿಮ್ಮುವ ಸಣ್ಣ ತೂತಿನ ಮೂರು ಜೆಟ್ ಕೊಡುತ್ತಾರೆ: ತೂತಿನ ಅಳತೆ ಗ್ಯಾಸಿಗೆ 0.45, ಪೆಟ್ರೋಲಿಗೆ 0.37, ಸೀಮೆಎಣ್ಣೆ ಮತ್ತು ಡೀಸೆಲ್ಲಿಗೆ 0.28 ಮಿಲಿಮೀಟರ್. ಪೆಟ್ರೋಲ್ ಜೆಟ್ ಇದ್ದಲ್ಲಿ ಸೀಮೆಎಣ್ಣೆ ಹಾಕಿದರೆ ಹೊಗೆ, ಹಳದಿ ಉರಿ. ಸೀಮೆಎಣ್ಣೆ ಜೆಟ್‌ನಲ್ಲಿ ಪೆಟ್ರೋಲ್ ಹಾಕಿದರೆ ಸೊರಗಿದ ಉರಿ. ಆ ಬಗೆಯ ಸ್ಟವ್‌ನಲ್ಲಿ ಎಣ್ಣೆ ಬಾಟಲಿ ಬರ್ನರಿನಿಂದ ಕೊಳವೆಯಷ್ಟು ದೂರ ಇರುತ್ತದೆ, ಉರಿ ತಗ್ಗಿಸಲು ಪ್ರತ್ಯೇಕ ಗುಬುಟು ಇರುತ್ತದೆ. ಪೆಟ್ರೋಲ್ ಸುರಕ್ಷಿತವಾಗುವುದು ಈ ದೂರದಿಂದಲೇ ಹೊರತು ಪೆಟ್ಟಿಗೆಯ ಅಕ್ಷರದಿಂದಲ್ಲ. ಅಗ್ಗದ ನಕಲುಗಳಲ್ಲಿ ಎಷ್ಟೋ ಸಲ ಒಂದೇ ಜೆಟ್ ಇರುತ್ತದೆ, ಅದು ಯಾವ ಎಣ್ಣೆಯದೆಂದು ಎಲ್ಲಿಯೂ ಬರೆದಿರುವುದಿಲ್ಲ. ಕೊಂಡ ದಿನವೇ ಜೆಟ್ ಎಷ್ಟಿವೆ ಎಂದು ಎಣಿಸಿ. ಒಂದೇ ಇದ್ದರೆ ಅದನ್ನು ಒಂದೇ ಎಣ್ಣೆಯ ಸ್ಟವ್ ಎಂದುಕೊಂಡು ಬಳಸುವುದು ಲೇಸು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿಯನ್ನು ದಶಕಗಳ ಕಾಲ ಓದಿದ್ದೇವಲ್ಲ, ಅವೆಲ್ಲ ಸುಳ್ಳೇ? ಸಾವುಗಳು ಸುಳ್ಳಲ್ಲ. ಸ್ಟವ್‌ನ ಮೇಲೆ ಹೊರಿಸಿದ ಅಪರಾಧ ಎಷ್ಟೋ ಕಡೆ ಸುಳ್ಳು. ಸ್ಟವ್ ನಿಜಕ್ಕೂ ತಾನಾಗಿ ಸಿಡಿಯುವಂಥದ್ದಾಗಿದ್ದರೆ ಅತ್ತೆ, ಮಾವ, ಗಂಡ, ಹೋಟೆಲಿನ ಭಟ್ಟರು, ಲಾರಿ ಕ್ಲೀನರ್‌ಗಳು ಎಲ್ಲರ ಮುಂದೆಯೂ ಸಮಾನವಾಗಿ ಸಿಡಿಯಬೇಕಿತ್ತು. ಹೊಸದಾಗಿ ಮದುವೆಯಾದ ಸೊಸೆಯನ್ನೇ ಹುಡುಕಿ ಸಿಡಿಯುವ ಬುದ್ಧಿ ಹಿತ್ತಾಳೆಗೆ ಎಲ್ಲಿಂದ ಬಂತು? ಆಗಿನ ಭಾರತೀಯ ದಂಡ ಸಂಹಿತೆಗೆ 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಂ ಸೇರಿದ್ದು, ಮದುವೆಯಾದ ಏಳು ವರ್ಷದೊಳಗಿನ ಸುಟ್ಟ ಸಾವುಗಳನ್ನು ಬರೀ ಅಪಘಾತವೆಂದು ಕೈತೊಳೆದುಕೊಳ್ಳಬಾರದೆಂದೇ. ಬೆಂಗಳೂರಿನ ವಿಮೋಚನಾ ಸಂಘಟನೆ 1990ರ ದಶಕದಲ್ಲಿ ಅಸಹಜ ಸಾವುಗಳ ಬೆನ್ನು ಹತ್ತಿ, ಸ್ಟವ್ ಅಪಘಾತವೆಂದು ಮುಚ್ಚಿಹೋಗುತ್ತಿದ್ದ ಪ್ರಕರಣಗಳನ್ನು ಪ್ರಶ್ನಿಸಿತು. ಕೇಳಬೇಕಾದ ಮೊದಲ ಪ್ರಶ್ನೆ ಸರಳವಾಗಿತ್ತು: ಒಡೆದ ಸ್ಟವ್ ಎಲ್ಲಿ? ಒಡೆದ ತೊಟ್ಟಿ ಸೀಳಿರುತ್ತದೆ, ಬೆಸುಗೆ ಬಿಟ್ಟಿರುತ್ತದೆ. ಅಂಚು ಮುಕ್ಕಾಗದ ಸ್ಟವ್ ಮೂಲೆಯಲ್ಲಿ ಕೂತಿದ್ದರೆ ಅಲ್ಲಿ ಸಿಡಿದದ್ದು ಬೇರೇನೋ. ಈ ಪ್ರಶ್ನೆ ಕೇಳದೆ ಪಂಚನಾಮೆಗೆ ರುಜು ಹಾಕಿದವರು, ಅದನ್ನು ಹಾಗೇ ಅಚ್ಚು ಹಾಕಿದವರು, ಅದನ್ನೋದಿ ‘ಅಯ್ಯೋ ಪಾಪ’ ಎಂದು ಹಾಳೆ ತಿರುವಿದವರು ಎಲ್ಲರೂ ಸೇರಿ ಸಾಕಿದ ನಂಬಿಕೆ ಇದು. ಮೂಢನಂಬಿಕೆ ಎಂದರೆ ನಿಂಬೆಹಣ್ಣು, ಬೆಕ್ಕು ಅಡ್ಡ ಹಾಯುವುದು ಎಂದಷ್ಟೇ ತಿಳಿದವರು ಇದನ್ನೂ ಆ ಸಾಲಿಗೆ ಸೇರಿಸಲಿ. ವಸ್ತುಗಳಿಗೆ ತಮ್ಮದೇ ಮನಸ್ಸಿದೆ ಎಂದು ಒಪ್ಪಿದೊಡನೆ ಮನುಷ್ಯರನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಮಾಯವಾಗುತ್ತವೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಸೀಮೆಎಣ್ಣೆಗೆ ಉಪ್ಪು ಹಾಕಿದರೆ ಹೊಗೆ ಕಡಿಮೆ ಎನ್ನುತ್ತಾರೆ. ಉಪ್ಪು ಎಣ್ಣೆಯಲ್ಲಿ ಕರಗುವುದೇ ಇಲ್ಲ, ತಳದಲ್ಲಿ ಕೂತು ತೊಟ್ಟಿಗೆ ತುಕ್ಕು ಹಿಡಿಸುತ್ತದೆ ಅಷ್ಟೆ. ಲಾರಿಯ ಡೀಸೆಲ್ ಉರಿಯುತ್ತದೆ, ಆದರೆ ಬರ್ನರ್ ಹೆಚ್ಚು ಹೊತ್ತು ಕಾಯಬೇಕು, ಜೆಟ್ ಬೇಗ ಕಟ್ಟುತ್ತದೆ. ನೀಲಿ ಉರಿಯಿದ್ದರೆ ಟೆಂಟ್ ಒಳಗೂ ಉರಿಸಬಹುದು ಎಂಬುದು ಅಪಾಯದ ಮಾತು: ತಣ್ಣನೆಯ ಪಾತ್ರೆಯ ತಳಕ್ಕೆ ಬಡಿದ ನೀಲಿ ಉರಿಯೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಲಾರಿ ಕ್ಯಾಬಿನ್ನಿಗೂ ಇದೇ ಮಾತು. ಗಾಳಿ ತಡೆಯಲು ಸ್ಟವ್ ಸುತ್ತ ನಾಲ್ಕೂ ಕಡೆ ಕಲ್ಲು ಜೋಡಿಸುವುದು ಹಂಪಿ ಕಡೆ ಬಲು ಸಾಮಾನ್ಯ, ಕಲ್ಲಿಗೇನು ಬರವೇ? ತೊಟ್ಟಿ ಕೆಳಗಿರುವ ಸ್ಟವ್‌ನಲ್ಲಿ ಇದು ಶಾಖವನ್ನು ತೊಟ್ಟಿಗೇ ತಿರುಗಿಸುತ್ತದೆ. ಗಾಳಿ ಬರುವ ಒಂದು ಕಡೆ ಮಾತ್ರ ಕಲ್ಲಿಡಿ; ತೊಟ್ಟಿ ಮುಟ್ಟಲಾಗದಷ್ಟು ಬಿಸಿಯಾದರೆ ಆರಿಸಿ. ಸ್ಮಾರಕಗಳ ಒಳಗಂತೂ ಪ್ರಶ್ನೆಯೇ ಇಲ್ಲ: 1959ರ ಪ್ರಾಚೀನ ಸ್ಮಾರಕಗಳ ನಿಯಮಗಳು ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಸಿದ ಜಾಗ ಬಿಟ್ಟು ಬೇರೆಡೆ ಅಡುಗೆ ನಿಷೇಧಿಸಿವೆ. ಸಂಡೂರಿನ ಗುಡ್ಡಗಳಲ್ಲಿ ಬೇಸಿಗೆಯ ಒಣ ಹುಲ್ಲಿಗೆ ಬಿದ್ದ ಒಂದು ಕಿಡಿ ಕಾಡ್ಗಿಚ್ಚಿಗೆ ಸಾಕು.

ಕೆಟ್ಟಿತೆಂದು ರಿಪೇರಿಗೆ ಕೊಡುವ ಸ್ಟವ್‌ಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ. ಪಂಪ್ ಹೊಡೆದರೆ ಗಾಳಿ ನಿಲ್ಲುತ್ತಿಲ್ಲವೆಂದರೆ ಚರ್ಮದ ವಾಷರ್ ಒಣಗಿದೆ, ಬಿಚ್ಚಿ ನಾಲ್ಕು ಹನಿ ಎಣ್ಣೆ ಸವರಿದರೆ ಸರಿಹೋಗುತ್ತದೆ. ಉರಿ ಒಂದೇ ಪಕ್ಕಕ್ಕೆ ವಾಲಿದರೆ, ಕುಂಟಿದರೆ ತೂತಿನಲ್ಲಿ ಕಸ ಕೂತಿದೆ. ಸ್ಟವ್ ಪಿನ್ ಹಾಕಿ, ಆದರೆ ಆ ತೂತಿಗೆ ಹೊಂದುವ ಪಿನ್ನನ್ನೇ. ದಪ್ಪ ತಂತಿ ತೂರಿಸಿ ತೂತು ಅಗಲ ಮಾಡಿದರೆ ಆ ಜೆಟ್ ಮುಗಿಯಿತು. ಜೋಡಣೆಯಲ್ಲಿ ಎಣ್ಣೆ ಜಿನುಗುತ್ತಿದ್ದರೆ ಸೋಪು, ಅರಿಶಿನ ಮೆತ್ತಿ ಹಚ್ಚಬೇಡಿ, ವಾಷರ್ ಬದಲಿಸಿ. ತೊಟ್ಟಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಎಣ್ಣೆ ಬೇಡ, ಒತ್ತಿದ ಗಾಳಿಗೆ ಜಾಗ ಬೇಕು. ಎಣ್ಣೆ ತುಂಬುವುದಾದರೆ ಉರಿ ಆರಿ, ಬರ್ನರ್ ತಣ್ಣಗಾದ ಮೇಲೆ, ಬೇರೆ ಬೆಂಕಿಯಿಂದ ದೂರದಲ್ಲಿ. ಹಚ್ಚುವಾಗ ಬಟ್ಟಲಿನ ಸ್ಪಿರಿಟ್ ಪೂರ್ತಿ ಉರಿದು ಮುಗಿಯುವ ಹೊತ್ತಿಗೆ ಮೊದಲ ಎರಡು ಪಂಪ್, ನೀಲಿ ಉರಿ ನಿಂತ ಮೇಲೆ ಉಳಿದದ್ದು.

ಇಷ್ಟಾದರೂ ಹಳದಿ ಉರಿ ಎದ್ದರೆ ಪಂಪ್ ಮುಟ್ಟಬೇಡಿ. ಸೀಮೆಎಣ್ಣೆಯಾದರೆ ಗಾಳಿ ತಿರುಪು ಸಡಿಲಿಸಿ, ಬಾಟಲಿ ಬೇರೆ ಇರುವ ಸ್ಟವ್ ಆದರೆ ಗುಬುಟು ಮುಚ್ಚಿ ದೂರ ಸರಿಯಿರಿ. ಪೆಟ್ರೋಲ್ ಇದ್ದರೆ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಚೆಲ್ಲಿದ ಎಣ್ಣೆಗೆ ನೀರು ಎರಚಿದರೆ ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಅಗಲಕ್ಕೆ ಒಯ್ಯುತ್ತದೆ. ಅದರ ಬದಲು ಬೊಗಸೆ ಬೊಗಸೆ ಮರಳು ಸುರಿಯಿರಿ, ಇಲ್ಲವೇ ಒದ್ದೆ ಗೋಣಿಚೀಲ ಹೊದಿಸಿ. ತುಂಗಭದ್ರೆಯ ದಂಡೆಯಲ್ಲಿ ಮರಳಿಗೆ ಅಲೆಯಬೇಕಿಲ್ಲ. ಸ್ಟವ್ ಹಚ್ಚುವ ಮೊದಲೇ ಒಂದು ಬಕೆಟ್ ತುಂಬಿಟ್ಟುಕೊಳ್ಳಿ.