ಹತ್ತು ಸೆಂಟಿನ ದಂಡಯಾತ್ರೆ

ದಾನಕ್ಕೂ ವ್ಯಾಪಾರಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂಬುದು ಹಿರಿಯರ ಮತ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಷ್ಟೆ! ಆದರೆ ಅಮೆರಿಕದಲ್ಲಿ ಪ್ರಚಾರ ನಿಪುಣರೇ ಮುಂದೆ ನಿಂತು, ಸೋಪು ಮಾರುವ ಜಾಣ್ಮೆಯಿಂದಲೇ ದಾನವೆತ್ತಿದ ಕಥೆಯೊಂದುಂಟು.

ಫ್ರಾಂಕ್ಲಿನ್ ರೂಸ್‌ವೆಲ್ಟರಿಗೆ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೋ ತಗಲಿ ಕಾಲುಗಳ ಸ್ವಾಧೀನ ತಪ್ಪಿತು. ಮುಂದೆ ಅವರು ರಾಷ್ಟ್ರಾಧ್ಯಕ್ಷರಾದರು. 1934ರ ಜನವರಿ 30, ಅವರ ಹುಟ್ಟುಹಬ್ಬ. ಆ ರಾತ್ರಿ ಕಾರ್ಲ್ ಬಾಯರ್ ಎಂಬ ಪ್ರಚಾರ ನಿಪುಣರ ಯೋಜನೆಯಂತೆ ಊರೂರುಗಳಲ್ಲಿ ನೃತ್ಯಕೂಟಗಳು ನಡೆದವು. ನಡೆಯಲಾರದವರಿಗಾಗಿ ನಡೆಯಬಲ್ಲವರು ಕುಣಿದರು. 10 ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು.

1938ರಲ್ಲಿ ಪೋಲಿಯೋ ನಿವಾರಣೆಗೆಂದೇ ರಾಷ್ಟ್ರೀಯ ಪ್ರತಿಷ್ಠಾನವೊಂದು ಹುಟ್ಟಿತು. ಹಾಸ್ಯನಟ ಎಡ್ಡಿ ಕ್ಯಾಂಟರ್ ರೇಡಿಯೋದಲ್ಲಿ ಜನರನ್ನು ಬೇಡಿದ್ದು ಒಂದೇ ಒಂದು ಡೈಮನ್ನು, ಎಂದರೆ ಹತ್ತು ಸೆಂಟಿನ ನಾಣ್ಯವನ್ನು. ಅದನ್ನು ನೇರವಾಗಿ ಶ್ವೇತಭವನಕ್ಕೇ ಕಳುಹಿಸಬೇಕು! ‘ಮಾರ್ಚ್ ಆಫ್ ಡೈಮ್ಸ್’ ಎಂಬ ಹೆಸರು ಆತನದೇ. ಮೂಟೆಮೂಟೆಯಾಗಿ ಲಕೋಟೆಗಳು ಬಂದು ಸರಕಾರದ ಕಾಗದಪತ್ರಗಳು ಅವುಗಳಡಿ ಹೂತುಹೋದವು. ಎಣಿಸಿದಾಗ ನಾಣ್ಯಗಳು 26,80,000!

ಧನಿಕನೊಬ್ಬನ ಸಾವಿರಕ್ಕಿಂತ ಸಾವಿರ ಮನೆಗಳ ಹತ್ತು ಸೆಂಟು ಮೇಲೆಂಬುದೇ ಇದರ ಮರ್ಮ. ಶಾಲೆಯ ಹುಡುಗನೂ ಕೊಡಬಲ್ಲ. ಕೊಟ್ಟವನು ಮರುವರ್ಷವೂ ಕೊಡುವನು. ಪ್ರತಿ ಜನವರಿಯಲ್ಲಿಯೂ ಸಂಗ್ರಹ, ಜಿಲ್ಲೆಜಿಲ್ಲೆಗೂ ಶಾಖೆ, ಕೂಡಿದ ಹಣದಲ್ಲಿ ಅರ್ಧ ಆಯಾ ಊರಿನ ರೋಗಿಗಳಿಗೇ ಮೀಸಲು. ತಮ್ಮ ಬೀದಿಯ ಮಗುವಿಗೆ ಕಾಲುಪಟ್ಟಿ ಬಂದುದನ್ನು ಜನ ಕಣ್ಣಾರೆ ಕಂಡರು.

ಒಂದು ಮಾತು ಮಾತ್ರ ಮನಸ್ಸನ್ನು ಚುಚ್ಚುತ್ತದೆ. 1946ರಿಂದ ಊರುಗೋಲು ಹಿಡಿದ ಎಳೆಯ ಮಕ್ಕಳ ಚಿತ್ರಗಳು ಭಿತ್ತಿಪತ್ರಗಳನ್ನೇರಿದವು. ತಾಯಂದಿರ ಎದೆಯಲ್ಲಿ ಕರುಣೆಯ ಜತೆಗೆ ಭಯವನ್ನೂ ಬಿತ್ತಿ ಹಣ ಬೆಳೆದುದು ಸುಳ್ಳಲ್ಲ. ಮಗುವಿನ ಸಂಕಟವನ್ನು ಅಂಗಡಿಯ ಫಲಕವಾಗಿಸಬಹುದೆ? ನನಗಂತೂ ಅದು ಒಗ್ಗದು. ಆದರೆ ಜೋನಾಸ್ ಸಾಕ್ ಎಂಬ ವೈದ್ಯ ವಿಜ್ಞಾನಿಯ ಪ್ರಯೋಗಗಳಿಗೆ ಬಂಡವಾಳವೊದಗಿಸಿದ್ದು ಆ ಹಣವೇ ಎಂಬುದನ್ನು ಮರೆಯುವುದೆಂತು? 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಲಸಿಕೆಯ ಪರೀಕ್ಷೆಯಲ್ಲಿ ಭಾಗಿಗಳಾದರು. ಲಸಿಕೆ ಫಲಿಸಿತೆಂಬ ವಾರ್ತೆ ಹೊರಬಿದ್ದುದು 1955ರ ಏಪ್ರಿಲ್ 12ರಂದು. ರೂಸ್‌ವೆಲ್ಟರು ತೀರಿಕೊಂಡು ಅಂದಿಗೆ ಸರಿಯಾಗಿ ಹತ್ತು ವರ್ಷ.

ರೋಗ ಹಿಮ್ಮೆಟ್ಟಿತು. ಪ್ರತಿಷ್ಠಾನವೇನೂ ಬಾಗಿಲು ಹಾಕಲಿಲ್ಲ. ಪಳಗಿದ ಕಾರ್ಯಕರ್ತರಿದ್ದರು, ಕೊಟ್ಟು ರೂಢಿಯಾದ ಕೈಗಳಿದ್ದವು. 1958ರಲ್ಲಿ ಹುಟ್ಟಿನಿಂದಲೇ ಬರುವ ಅಂಗವೈಕಲ್ಯಗಳ ನಿವಾರಣೆಯನ್ನು ಕೈಗೆತ್ತಿಕೊಂಡು, ಹಳೆಯ ಡಬ್ಬಿಯನ್ನೇ ಮತ್ತೆ ಜನರ ಮುಂದೆ ಹಿಡಿಯಿತು.